ಕೆಂಪು ಬಟನ್ – ಒಂಬತ್ತನೆಯ ಕಂತು: ತೆರೆದ ಮುಚ್ಚಳ

"ಇನ್ನೊಂದು ಸಲ, ಭಾವ," ಎಂದಳು ಕೊಕ್ಕೆ.

ಭಾವ ಹಸಿರು ಬಟನ್ ಒತ್ತಿದರು. ಸಾಮಾನಿನ ಲಿಫ್ಟ್ ಒಮ್ಮೆ ಮೈಕೊಡವಿ, ಬಣ್ಣದ ಡಬ್ಬಗಳನ್ನು ಹೊತ್ತುಕೊಂಡು ಮೇಲಕ್ಕೆ ಹೊರಟಿತು. ಹಿಂದಿನ ಗೋಡೆಗೆ ಒರಗಿದ ಸ್ಟೂಲಿನ ಮೇಲಿದ್ದ ಪ್ರಿಂಟರ್ ಕಿರ್ರೆಂದು ಆ ಮಾಲಿನ ಚೀಟಿ ಉಗುಳಿತು. ಕೊಕ್ಕೆ ಕೆಂಪು ಬಟನ್ ಮೇಲೆ ಅಂಗೈ ಬಡಿದಳು.

ಲಿಫ್ಟ್ ನಿಂತಿತು. ಒಂದು ಗೇಣು ಕೂಡ ಮುಂದೆ ಹೋಗಲಿಲ್ಲ.

"ನಿಲ್ತು," ಎಂದರು ಭಾವ. ಅವರ ದನಿ ಸತ್ತಿತ್ತು.

ಬೆಳಿಗ್ಗೆಯಿಂದ ಇದೇ ರಾಮಾಯಣ. ತುಂಬಿದ ಲಿಫ್ಟ್, ಖಾಲಿ ಲಿಫ್ಟ್. ಬೆರಳಿನಿಂದ ಒತ್ತಿದ್ದಾಯಿತು, ಮೊಣಕೈಯಿಂದ ಗುದ್ದಿದ್ದಾಯಿತು, ಒದ್ದೆ ಕೈಯಿಂದ ಮುಟ್ಟಿದ್ದೂ ಆಯಿತು. ಪ್ರತಿ ಸಲವೂ ಹಾಳು ಲಿಫ್ಟ್ ಒಳ್ಳೆಯ ಮಗುವಿನ ಹಾಗೆ ಮಾತು ಕೇಳುತ್ತಿತ್ತು. ಕೆಟ್ಟ ಯಂತ್ರವನ್ನು ಬಿಚ್ಚಿ ನೋಡಬಹುದು. ಸರಿಯಾಗಿರುವ ಯಂತ್ರವನ್ನು ಏನು ಮಾಡುವುದು? ಕೊಕ್ಕೆಗೆ ತಲೆ ಚಚ್ಚಿಕೊಳ್ಳುವಷ್ಟು ಸಿಟ್ಟು ಬಂದಿತ್ತು.

ಹೋದ ತಿಂಗಳು ಇದೇ ಲಿಫ್ಟಿಗೂ ಮೇಲಿನ ಮಹಡಿಯ ಅಂಚಿಗೂ ನಡುವೆ ಭಾವನ ಜೊತೆಗಾರನ ಕಾಲು ಸಿಕ್ಕಿ ಜಜ್ಜಿಹೋಗಿತ್ತು. ಕೆಂಪು ಬಟನ್ ಒತ್ತಿದೆ, ಆದರೂ ನಿಲ್ಲಲಿಲ್ಲ ಎಂದು ಭಾವ ಹೇಳುತ್ತಿದ್ದರು, ಬಟನ್ ಒತ್ತಿದ ಗುರುತೇ ಇಲ್ಲ ಎಂದು ಲಿಫ್ಟಿನ ಕಂಟ್ರೋಲರ್ ಪೆಟ್ಟಿಗೆ ಹೇಳುತ್ತಿತ್ತು.

ಗೋದಾಮಿನಲ್ಲಿ ಎಲ್ಲರೂ ನಂಬಿದ್ದು ಪೆಟ್ಟಿಗೆಯನ್ನು. ಪೆಟ್ಟಿಗೆಗೇನು ಹೆಂಡತಿಯೇ, ಮಕ್ಕಳೇ? ಸುಳ್ಳು ಹೇಳಿ ಅದಕ್ಕೆ ಆಗಬೇಕಾದ್ದೇನು? ಆಸ್ಪತ್ರೆಯಲ್ಲಿ ಮಲಗಿದ್ದ ಜೊತೆಗಾರ ಕೂಡ ಗೋಡೆಯ ಕಡೆ ಮುಖ ತಿರುಗಿಸಿ, "ಅವನು ನೋಡ್ತಾ ನಿಂತಿದ್ದ" ಎಂದಷ್ಟೇ ಹೇಳಿದ್ದ. ಕೈ ಹಿಡಿದು ಕೆಲಸ ಕಲಿಸಿದ ಗೆಳೆಯನ ಬಾಯಿಂದ ಬಂದ ಆ ಮಾತು ಭಾವನನ್ನು ಒಳಗಿನಿಂದ ತಿನ್ನುತ್ತಿತ್ತು.

"ಮುಗೀತೇನಮ್ಮ ನಿಮ್ಮ ಪರೀಕ್ಷೆ?"

ಕಬ್ಬಿಣದ ಮೆಟ್ಟಿಲ ಮೇಲೆ ನಿಂತಿದ್ದವರು ಮ್ಯಾನೇಜರು. ಸಂಬಳ ಹೆಚ್ಚಿಸಿ ಎಂದರೂ, ಫ್ಯಾನ್ ಕೆಟ್ಟಿದೆ ಎಂದರೂ "ನೋಡೋಣ" ಎನ್ನುವುದರಿಂದ ಗೋದಾಮಿನವರು ಅವರಿಗೆ ನೋಡೋಣ ಸಾಹೇಬ್ರು ಎಂದೇ ಹೆಸರಿಟ್ಟಿದ್ದರು. ಇವತ್ತು ಮಾತ್ರ ಅವರಿಗೆ ಅವಸರವಿತ್ತು. ಕೈಯಲ್ಲಿ ಒಂದು ಹಾಳೆ ಹಿಡಿದು ಗಾಳಿ ಹಾಕಿಕೊಳ್ಳುತ್ತಿದ್ದರು.

"ಸಂಜೆ ಬಾಗಿಲು ಹಾಕೋದ್ರೊಳಗೆ ಸಹಿ ಆಗ್ಬೇಕು. ಗಾಬರಿಯಲ್ಲಿ ಬಟನ್ ಒತ್ತೋದು ಮರೆತೆ ಅಂತ ಒಂದು ಸಾಲು. ಕೆಲಸ ಹೋಗುತ್ತೆ ಅಷ್ಟೆ, ಪೊಲೀಸ್ ತನಕ ಹೋಗಲ್ಲ. ಸಹಿ ಇಲ್ಲ ಅಂದ್ರೆ ನನ್ನ ಕೈಲಿ ಏನೂ ಇಲ್ಲ."

"ಇನ್ನೂ ಸಂಜೆ ಆಗಿಲ್ಲ ಸರ್," ಎಂದಳು ಕೊಕ್ಕೆ. "ಆಮೇಲೆ ಒಂದು ಕೇಳ್ಬೇಕು. ಕೆಂಪು ಬಟನ್ ಅಂದ್ರೆ ನೇರವಾಗಿ ಮೋಟರಿನ ಕರೆಂಟೇ ಕಡೀಬೇಕಲ್ವಾ? ಇಲ್ಲಿ ತಂತಿ ಪೆಟ್ಟಿಗೆಗೆ ಯಾಕೆ ಹೋಗಿದೆ?"

"ಮೊದಲು ಹಾಗೇ ಇತ್ತು. ದಬಕ್ ಅಂತ ನಿಂತು ಮೋಟರ್ ಸುಡ್ತಿತ್ತು. ಹೊಸ ಪೆಟ್ಟಿಗೆ ಕೂರಿಸ್ದಾಗ ಬದಲಾಯಿಸಿದ್ವಿ. ಈಗ ಬಟನ್ ಪೆಟ್ಟಿಗೆಗೆ ಹೇಳುತ್ತೆ, ಪೆಟ್ಟಿಗೆ ಮೋಟರಿಗೆ ಹೇಳುತ್ತೆ."

"ಅಂದ್ರೆ ಇದು ಅಪ್ಪಣೆ ಅಲ್ಲ, ಅರ್ಜಿ."

"ಏನಾದ್ರೂ ಅನ್ನಿ. ಕೆಲಸ ಮಾಡುತ್ತಲ್ಲ? ನೀವೇ ಬೆಳಿಗ್ಗೆಯಿಂದ ಒತ್ತಿ ಒತ್ತಿ ನೋಡಿದ್ದೀರಲ್ಲ?"

ಯಾರು ಏನು ಹೇಳಿದರೂ ಒಂದು ಕೊಕ್ಕೆ ಹಾಕುತ್ತಾಳೆಂದು ಮನೆಯವರು ಚಿಕ್ಕಂದಿನಲ್ಲೇ ಅವಳಿಗೆ ಕೊಕ್ಕೆ ಎಂದು ಹೆಸರಿಟ್ಟಿದ್ದರು. ಆ ಚಾಳಿಯನ್ನೇ ಕಸುಬು ಮಾಡಿಕೊಂಡು ಖಾಸಗಿ ಪತ್ತೇದಾರಳಾಗಿದ್ದಳು. ಊರವರ ಕಳವು, ಮೋಸ ಎಲ್ಲ ಪತ್ತೆ ಮಾಡಿದವಳಿಗೆ ಸ್ವಂತ ಅಕ್ಕನ ಗಂಡನ ವಿಷಯದಲ್ಲಿ ಕೊಕ್ಕೆ ಹಾಕಲು ಒಂದು ಸಂದು ಸಿಗುತ್ತಿರಲಿಲ್ಲ.

ತಗಡಿನ ಸೂರಿನ ಕೆಳಗೆ ಸೆಕೆ ಬೇಯಿಸುತ್ತಿತ್ತು. ಬಣ್ಣದ ವಾಸನೆಗೆ ತಲೆ ಸಿಡಿಯುತ್ತಿತ್ತು. ಕೊಕ್ಕೆ ಕೂದಲನ್ನು ಎತ್ತಿ ಹಸಿರು ಕ್ಲಿಪ್ಪು ಸಿಕ್ಕಿಸಿದಳು. ಅಕ್ಕನಿಗೂ ಜೊತೆಯಲ್ಲೇ ಇಂಥದ್ದೊಂದು ಕೊಡಿಸಿದ್ದಳು. ಅಕ್ಕ ಅದನ್ನು ಬೀಳಿಸಿ ಮುರಿದುಕೊಂಡರೂ ಬಿಸಾಡದೆ, ಮುರಿದ ಕಡೆ ಕೆಂಪು ದಾರ ಬಿಗಿದು ಮೊನ್ನೆ ಮೊನ್ನೆಯವರೆಗೂ ಮುಡಿಯುತ್ತಿದ್ದಳು. ಹೊಸದು ಕೊಡಿಸುತ್ತೇನೆ ಎಂದರೆ, "ಇರೋದಕ್ಕೇನಾಗಿದೆ ರೋಗ?" ಎನ್ನುವವಳು. ಅಂಥ ಅಕ್ಕ, ಸಹಿಯ ಮಾತು ಬಂದ ಈ ನಾಲ್ಕು ದಿನದಿಂದ ಒಲೆಯ ಮುಂದೆ ಸುಮ್ಮನೆ ಕೂತು, "ನಾನು ಆವತ್ತು ಜ್ವರ ಅಂತ ಮಲಗಿಬಿಟ್ಟೆ, ಊಟದ ಡಬ್ಬಿ ತಗೊಂಡು ಹೋಗಿದ್ರೆ ಹೀಗಾಗ್ತಿರಲಿಲ್ಲವೇನೋ" ಎಂದು ಅದನ್ನೇ ಹೇಳುತ್ತಿದ್ದಳು.

ಮ್ಯಾನೇಜರು ಮೆಟ್ಟಿಲ ಪಕ್ಕದ ತಮ್ಮ ಗಾಜಿನ ಕೋಣೆಗೆ ಹೋದರು. ಅವರು ಹೋದ ದಿಕ್ಕನ್ನೇ ನೋಡುತ್ತಾ ಭಾವ ನಿಂತರು.

"ಏನಮ್ಮ, ಒಂದು ಮಾತು ಹೇಳ್ಲಾ?"

"ಹೇಳಿ ಭಾವ."

"ನಾನು ಒತ್ತಿದ್ನೋ ಇಲ್ವೋ ಅಂತ ನನಗೇ ಈಗ ಅನುಮಾನ ಬರ್ತಿದೆ. ಅವನು ಕಿರುಚಿದ. ನನ್ನ ಕೈ ಬಟನ್ ಕಡೆ ಹೋಯ್ತು. ಅಲ್ಲಿ ತನಕ ಖಂಡಿತ. ಆಮೇಲೆ ಒತ್ತಿದ್ದು ನಿಜಾನೋ, ಒತ್ತಿದೆ ಅಂತ ಅಂದ್ಕೊಂಡಿದ್ದೋ? ಇಷ್ಟು ಜನ ಇಲ್ಲ ಅಂದ್ರೆ..."

"ಇಷ್ಟು ಜನ ಅಲ್ಲ. ಒಂದು ಪೆಟ್ಟಿಗೆ."

"ಸಹಿ ಹಾಕಿಬಿಡ್ತೀನಿ. ನಿಮ್ಮಕ್ಕ ಊಟ ಬಿಟ್ಟಿದ್ದಾಳೆ. ಮುಗಿದುಹೋಗ್ಲಿ."

ಕೊಕ್ಕೆಗೆ ಮೈ ಉರಿಯಿತು. ಪೆಟ್ಟಿಗೆಯ ಮೇಲಿನ ಸಿಟ್ಟು, ಮ್ಯಾನೇಜರ ಮೇಲಿನ ಸಿಟ್ಟು ಎಲ್ಲ ಸೇರಿ ಭಾವನ ಮೇಲೇ ತಿರುಗಿತು. "ನಿಮ್ಮ ಕೈಯನ್ನ ನೀವೇ ನಂಬಲ್ಲ ಅಂದ್ರೆ ನಾನು ಯಾಕೆ ಇಲ್ಲಿ ಬೆವರು ಸುರಿಸ್ಬೇಕು? ಇನ್ನೊಂದು ಸಲ! ಒತ್ತಿ ಹಸಿರು!"

ಭಾವ ಒತ್ತಿದರು. ಲಿಫ್ಟ್ ಹೊರಟಿತು.

ಆಗಲೇ ಪ್ರಿಂಟರ್ ಕಿವಿ ಕಿತ್ತುಹೋಗುವ ಹಾಗೆ ಅರಚಿಕೊಂಡಿತು. ಬೆಳಿಗ್ಗೆಯಿಂದ ಲಿಫ್ಟ್ ಹೋದಾಗಲೆಲ್ಲ ಒಂದೊಂದು ಚೀಟಿ ಕಕ್ಕಿ ಅದರ ಕಾಗದ ಮುಗಿದಿತ್ತು. ಭಾವ ತಿರುಗಿ ಕೂಡ ನೋಡಲಿಲ್ಲ. ಕೈ ಹಿಂದೆ ಚಾಚಿ ಪ್ರಿಂಟರಿನ ಮುಚ್ಚಳ ಎತ್ತಿ, ಜೇಬಿನಿಂದ ಮಡಿಸಿದ ರಟ್ಟಿನ ಚೂರೊಂದನ್ನು ತೆಗೆದು ಸಂದಿಗೆ ತುರುಕಿದರು. ಅರಚಾಟ ನಿಂತಿತು.

ಸಿಟ್ಟಿನ ಭರದಲ್ಲಿ ಕೊಕ್ಕೆ ಕೆಂಪು ಬಟನ್ ಗುದ್ದಿದಳು.

ಲಿಫ್ಟ್ ನಿಲ್ಲಲಿಲ್ಲ.

ಮತ್ತೆ ಗುದ್ದಿದಳು. ಎರಡೂ ಕೈ ಇಟ್ಟು ಒತ್ತಿ ಹಿಡಿದಳು. ಲಿಫ್ಟ್ ತನ್ನ ಪಾಡಿಗೆ ತಾನು ಏರುತ್ತಾ ಮೇಲಿನ ಮಹಡಿಯ ಅಂಚನ್ನು, ಜೊತೆಗಾರನ ಕಾಲು ಸಿಕ್ಕಿದ ಅದೇ ಅಂಚನ್ನು ದಾಟಿ, ತುದಿಯ ಕಬ್ಬಿಣದ ತಡೆಗೆ ತಾಗಿ ಕರೆಂಟು ಕಡಿದು ನಿಂತಿತು.

ಕೊಕ್ಕೆ ಬಟನ್ ಬಿಟ್ಟು ಹಿಂದೆ ಸರಿದಳು.

"ನಿಲ್ಲಲಿಲ್ಲ," ಎಂದರು ಭಾವ. "ನೋಡಿದ್ಯಾ? ನಿಲ್ಲಲೇ ಇಲ್ಲ! ನಾನು ಒತ್ತಿದ್ದೆ ಕಣಮ್ಮ. ನಾನು ಒತ್ತಿದ್ದೆ!" ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಅವರು ನೆಲದ ಮೇಲೆ ಕುಸಿದು ಕೂತರು. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಮುಖದಲ್ಲಿ ಎಷ್ಟೋ ದಿನದಿಂದ ಕಾಣದಿದ್ದ ನಗುವಿತ್ತು.

ಕೊಕ್ಕೆಯ ಕಣ್ಣು ರಟ್ಟಿನ ಚೂರಿನ ಮೇಲಿತ್ತು.

"ಭಾವ, ಇದೇನು?"

"ಯಾವುದು?" ಅವರು ನೋಡಿ ತಾವೇ ಬೆಚ್ಚಿದರು. ತಾವು ಅದನ್ನು ಇಟ್ಟದ್ದೇ ಅವರಿಗೆ ಗೊತ್ತಾಗಿರಲಿಲ್ಲ. "ಓ, ಇದಾ? ಕಾಗದ ಮುಗಿದ್ರೆ ಪ್ರಾಣ ತಿನ್ನುತ್ತೆ ಆ ಪೀಪಿ. ಮುಚ್ಚಳ ಎತ್ತಿದ್ರೆ ಸುಮ್ನಾಗುತ್ತೆ. ಇಲ್ಲಿ ಎಲ್ಲರೂ ಹಾಗೇ ಮಾಡೋದು. ಲಿಫ್ಟ್ ಮೇಲೆ ಹೋಗಿ ನಿಂತ್ಕೊಳ್ಳುತ್ತೆ, ಸ್ಟೋರಿಂದ ರೋಲ್ ಬರೋ ತನಕ ನಮಗೂ ಸ್ವಲ್ಪ ಬೆನ್ನು ನೆಟ್ಟಗೆ ಮಾಡ್ಕೊಳ್ಳೋಕೆ ಆಗುತ್ತೆ."

"ಆ ಹೊತ್ತಲ್ಲಿ ಯಾರಾದ್ರೂ ಕೆಂಪು ಬಟನ್ ಒತ್ತಿದ್ದುಂಟಾ?"

"ಯಾಕೆ ಒತ್ತುತ್ತೀವಿ?"

ಯಾಕೆ ಒತ್ತುತ್ತಾರೆ! ಕೊಕ್ಕೆ ರಟ್ಟನ್ನು ಎಳೆದಳು. ಸ್ಟೋರಿನಿಂದ ರೋಲ್ ತರಿಸಿ ಹಾಕಿ ಮುಚ್ಚಳ ಮುಚ್ಚಿದಳು. ಪ್ರಿಂಟರ್ ಬಾಕಿ ಇದ್ದ ಚೀಟಿಯನ್ನು ಉಗುಳಿತು. ಆಮೇಲೆ ಬಟನ್ ಒತ್ತಿದರೆ ಲಿಫ್ಟ್ ನಿಂತಿತು. ರೋಲ್ ತುಂಬಿರುವಾಗಲೇ ಮುಚ್ಚಳ ಎತ್ತಿದಳು. ಲಿಫ್ಟ್ ಹೊರಟಿತು, ಬಟನ್ ಸತ್ತಿತ್ತು. ಬೆಳಿಗ್ಗೆಯಿಂದ ಅವಳನ್ನು ಆಟ ಆಡಿಸಿದ್ದು ಬಟನ್ ಅಲ್ಲ, ಅದಕ್ಕೆ ಬೆನ್ನು ಹಾಕಿ ಕೂತಿದ್ದ ಎರಡು ಕಾಸಿನ ಪ್ಲಾಸ್ಟಿಕ್ ಮುಚ್ಚಳ.

ಗೆದ್ದೆವು ಎಂದುಕೊಳ್ಳುವಷ್ಟರಲ್ಲಿ ಇನ್ನೊಂದು ಪ್ರಶ್ನೆ ಎದ್ದಿತು. ಹಾಗಾದರೆ ಆ ದಿನ ಮುಚ್ಚಳ ಎತ್ತಿದವರು ಯಾರು?

"ಭಾವ, ಆವತ್ತೂ ಹೀಗೇ ಮಾಡಿದ್ರಾ? ಮುಚ್ಚುಮರೆ ಬೇಡ."

"ಇಲ್ಲ," ಎಂದರು ಭಾವ ತಕ್ಷಣ. "ಆವತ್ತು ಬೆಳಿಗ್ಗೆ ನಾನೇ ಹೊಸ ರೋಲ್ ಹಾಕಿದ್ದೆ. ಅರ್ಧವೂ ಖರ್ಚಾಗಿರಲಿಲ್ಲ. ಪೀಪಿ ಕೂಗಲಿಲ್ಲ, ನಾನು ಮುಚ್ಚಳ ಮುಟ್ಟಲಿಲ್ಲ. ಬೇಕಾದ್ರೆ ಆಣೆ ಹಾಕ್ತೀನಿ. ನಿಮ್ಮಕ್ಕ ಬರಲಿಲ್ಲ ಅಂತ ಕ್ಯಾಂಟೀನಿಗೆ ಊಟಕ್ಕೆ ಹೋದೆ, ಬಂದೆ, ಹಸಿರು ಒತ್ತಿದೆ. ಮೊದಲನೇ ಸಲವೇ ಹೀಗಾಯ್ತು. ಪ್ರಿಂಟರ್ ಬೆನ್ನ ಹಿಂದೆ, ತಿರುಗಿ ಯಾರು ನೋಡ್ತಾರೆ?"

ಕೂಗದ ಪ್ರಿಂಟರಿನ ಬಾಯಿ ಮುಚ್ಚಿಸಿದವರು ಯಾರು? ಯಾಕೆ?

* * *

ಗಾಜಿನ ಕೋಣೆಯಲ್ಲಿ ನಾಲ್ಕು ಜನ. ಮೇಜಿನ ಆಚೆ ನೋಡೋಣ ಸಾಹೇಬ್ರು, ಈಚೆ ಕೊಕ್ಕೆ ಮತ್ತು ಭಾವ. ಕಿಟಕಿಯ ಹತ್ತಿರ, ಭುಜದ ಚೀಲ ಕೂಡ ಇಳಿಸದೆ ಕೂತಿದ್ದವರು ಪೆಟ್ಟಿಗೆಯ ಪ್ರೋಗ್ರಾಮ್ ಬರೆದ ಎಂಜಿನಿಯರ್. ಇಲ್ಲಿನವರ ಬಾಯಲ್ಲಿ ಪ್ರೋಗ್ರಾಮ್ ಮೇಡಂ. ಫೋನ್ ಮಾಡಿ "ಮುಚ್ಚಳ ತೆಗೆದ್ರೆ ಬಟನ್ ಸಾಯುತ್ತೆ" ಎಂದಷ್ಟೇ ಕೊಕ್ಕೆ ಹೇಳಿದ್ದಳು. ಅರ್ಧ ಗಂಟೆಯೊಳಗೆ ಮೇಡಂ ಓಡಿಬಂದಿದ್ದರು.

"ನನಗೆ ಅರ್ಥ ಆಗೋ ಹಾಗೆ ಹೇಳಿ," ಎಂದಳು ಕೊಕ್ಕೆ.

"ಪೆಟ್ಟಿಗೇಲಿ ಇರೋದು ಒಂದೇ ತಲೆ," ಎಂದರು ಮೇಡಂ. "ಬಟನ್, ಮೋಟರ್, ತೂಕ, ಪ್ರಿಂಟರ್ ಎಲ್ಲ ಅದರ ಹತ್ತಿರಾನೇ ಮಾತಾಡ್ಬೇಕು. ಒಬ್ಬೊಬ್ಬರದೇ ಸರದಿ. ಕೆಂಪು ಬಟನ್‌ಗೆ ಮಾತ್ರ ಸರದಿ ಇಲ್ಲ. ಯಾರು ಮಾತಾಡ್ತಿದ್ರೂ ಮಧ್ಯೆ ನುಗ್ಗಬಹುದು. ಹಾಗೇ ಬರೆದಿದ್ದೀನಿ."

"ಮತ್ತೆ ಯಾಕೆ ನುಗ್ಗಲಿಲ್ಲ?"

"ಚೀಟಿ ಅಚ್ಚಾಗುವಾಗ ಯಾರಾದ್ರೂ ನುಗ್ಗಿದ್ರೆ ಅಕ್ಷರ ಕಲಸಿಹೋಗ್ತಿತ್ತು. ಅದಕ್ಕೆ ಆ ಹೊತ್ತು ಮಾತ್ರ ಒಳಗಿನಿಂದ ಚಿಲಕ ಹಾಕಿದ್ದೆ. ಕಣ್ಣು ಮಿಟುಕಿಸೋಷ್ಟು ಹೊತ್ತು ಅಷ್ಟೆ."

"ಪ್ರಿಂಟರ್ ಮುಚ್ಚಳ ತೆರೆದಿದ್ರೆ?"

ಮೇಡಂ ಚೀಲದ ಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡರು.

"ಹೇಳಿ ಮೇಡಂ. ತೆರೆದಿದ್ರೆ ಪ್ರಿಂಟರ್ ರೆಡಿ ಅನ್ನಲ್ಲ. ನಿಮ್ಮ ತಲೆ ಏನು ಮಾಡುತ್ತೆ?"

"ಕಾಯುತ್ತೆ."

"ಚಿಲಕ ಹಾಕ್ಕೊಂಡು."

"ಹೂಂ."

"ಹೊರಗೆ ಕೆಂಪು ಬಟನ್ ಬಾಗಿಲು ಬಡೀತಾ ಇರುತ್ತೆ. ಮೋಟರಿಗೆ ಕೊನೆಗೆ ಹೇಳಿದ್ದು 'ನಡಿ' ಅಂತ, ಅದು ನಡೀತಾನೇ ಇರುತ್ತೆ. ಆಮೇಲೆ ಪೆಟ್ಟಿಗೆ ಬಂದು ಸಾಕ್ಷಿ ಹೇಳುತ್ತೆ, ನನ್ನ ಕಿವಿಗೇನೂ ಬೀಳಲಿಲ್ಲ ಅಂತ!" ಕೊಕ್ಕೆ ಮೇಜು ಗುದ್ದಿದಳು. "ಒಬ್ಬ ಮನುಷ್ಯನ ಕಾಲಿಗಿಂತ ನಿಮಗೆ ಚೀಟಿಯ ಅಕ್ಷರ ಹೆಚ್ಚಾಯ್ತಾ?"

"ನಾನು ಮಿತಿ ಇಟ್ಟಿದ್ದೆ!" ಮೇಡಂ ದನಿಯೂ ಏರಿತು. "ಸ್ವಲ್ಪ ಹೊತ್ತು ಕಾದು, ಪ್ರಿಂಟರ್ ಉತ್ತರ ಕೊಡದಿದ್ರೆ ಬಿಟ್ಟು ಮುಂದಿನ ಕೆಲಸ ನೋಡು ಅಂತ. ಹಾಗೆ ಬಿಟ್ಟಾಗ ಒಂದೊಂದು ಚೀಟಿ ತಪ್ಪಿಹೋಗ್ತಿತ್ತು. ಯಾರಿಗೆ ಅದನ್ನ ಸಹಿಸೋಕೆ ಆಗ್ಲಿಲ್ಲ ಅಂತ ಅವರನ್ನೇ ಕೇಳಿ."

ನೋಡೋಣ ಸಾಹೇಬ್ರು ಹೆಗಲು ಮುಟ್ಟಿ ನೋಡಿಕೊಂಡವರಂತೆ ಕುರ್ಚಿಯಲ್ಲಿ ಸರಿದು ಕೂತರು. "ಚೀಟಿ ಇಲ್ಲದೆ ಮಾಲು ಹೊರಗೆ ಹೋದ್ರೆ ನಾನು ಯಾರಿಗೆ ಉತ್ತರ ಕೊಡ್ಲಿ? ಒಂದು ಚೀಟಿನೂ ತಪ್ಪಬಾರದು ಅಂದೆ. ಬಟನ್ ತಪ್ಪಿಸಿ ಅಂದ್ನಾ?"

"ಮಿತಿ ತೆಗೀರಿ, ಎಷ್ಟು ಹೊತ್ತಾದ್ರೂ ಕಾಯ್ಲಿ ಅಂದ್ರಿ. ಅಪಾಯ ಅಂತ ಹೇಳಿದ್ದೆ. ನೋಡೋಣ ಅಂದ್ರಿ!"

"ಪೆಟ್ಟಿಗೆ ಹಾಗೆ ಸಿಕ್ಕಿಹಾಕ್ಕೊಂಡ್ರೆ ಎಚ್ಚರಿಸೋದಕ್ಕೆ ಏನೂ ಇರಲಿಲ್ವಾ?" ಎಂದು ಕೊಕ್ಕೆ ನಡುವೆ ಬಾಯಿ ಹಾಕಿದಳು.

ಮೇಡಂ ತಲೆ ತಗ್ಗಿಸಿದರು. "ಇದೆ. ಕಾವಲುನಾಯಿ ಅಂತೀವಿ. ಪೆಟ್ಟಿಗೆ ಆಗಾಗ ಅದರ ತಲೆ ಸವರ್ತಾ ಇರ್ಬೇಕು. ಸವರದಿದ್ರೆ ಏನೋ ಕೆಟ್ಟಿದೆ ಅಂತ ಎಲ್ಲ ನಿಲ್ಸಿಬಿಡುತ್ತೆ. ಪ್ರಿಂಟರಿಗೆ ಕಾಯುವಾಗಲೂ ಅದು ನಿಲ್ಸೋದು. ಅದಕ್ಕೂ ಬೈಸಿಕೊಂಡೆ. ಕಾಯ್ತಾನೇ ಸವರೋ ಹಾಗೆ ಬರೆದುಕೊಟ್ಟೆ."

ಬೇಲಿಯೇ ಎದ್ದು ಹೊಲ ಮೇಯ್ದರೆ ಇನ್ನಾರಿಗೆ ದೂರುವುದು? ಕೊಕ್ಕೆಗೆ ಬೈಯಲೂ ಬೇಸರವಾಯಿತು. ಇಲ್ಲಿ ಯಾರೂ ಕೊಲೆಗಡುಕರಲ್ಲ. ಒಬ್ಬರಿಗೆ ಚೀಟಿ ಬೇಕಿತ್ತು, ಒಬ್ಬರಿಗೆ ಬೈಗುಳ ಬೇಡವಾಗಿತ್ತು, ಕೆಳಗಿನವರಿಗೆ ಪೀಪಿ ಬೇಡವಾಗಿತ್ತು. ಎಲ್ಲರೂ ಸೇರಿ ಒಂದು ಕಾಲನ್ನು ನುಂಗಿದ್ದರು.

"ಅಂತೂ ನಮ್ಮ ಭಾವ ಬಟನ್ ಒತ್ತಿದ್ರು," ಎಂದಳು. "ಆ ಹಾಳೆ ಹರೀರಿ ಸರ್. ಅವರ ಜೊತೆಗಾರನ ಹತ್ತಿರ ಹೋಗಿ ನೀವೇ ಬಾಯಿಬಿಟ್ಟು ಹೇಳಿ."

ಭಾವ ತಲೆ ಎತ್ತಿದರು. ಅವರ ಕಣ್ಣಲ್ಲಿ ಆಸೆ ಮೂಡಿದ್ದನ್ನು ಕೊಕ್ಕೆ ನೋಡಿದಳು.

"ಎಲ್ಲಾ ನನ್ನ ತಲೆಗೇ ಕಟ್ಟಬೇಡಿ," ಎಂದರು ಮೇಡಂ ಚೀಲದ ಜಿಪ್ ಎಳೆಯುತ್ತಾ. "ಮುಚ್ಚಳ ತಾನಾಗಿ ತೆರ್ಕೊಳ್ಳಲ್ಲ. ಅಪಘಾತ ಆದ ದಿನ ಪೆಟ್ಟಿಗೆ ನೋಡೋಕೆ ಮೊದಲು ಬಂದವಳು ನಾನು. ಮುಚ್ಚಳ ತೆರೆದಿತ್ತು. ಸಂದಿಯಲ್ಲಿ ಇದು ಸಿಕ್ಕಿತ್ತು. ನೋಡಿದ ಕೂಡಲೇ ನನ್ನ ಪ್ರೋಗ್ರಾಮ್ ಎಲ್ಲಿ ಕೈಕೊಟ್ಟಿದೆ ಅಂತ ಗೊತ್ತಾಯ್ತು. ಹೆದರಿ ಇದನ್ನ ತೆಗೆದು ಚೀಲಕ್ಕೆ ಹಾಕ್ಕೊಂಡೆ, ಮುಚ್ಚಳ ಹಾಕಿಬಿಟ್ಟೆ. ತಪ್ಪು ನಂದು. ಆದ್ರೆ ಇದನ್ನ ಅಲ್ಲಿ ಇಟ್ಟವರು ಬೇರೆ ಯಾರೋ ಇದ್ದಾರೆ."

ಮೇಜಿನ ಮೇಲೆ ಅವರು ಇಟ್ಟದ್ದು ಒಂದು ಕೂದಲಿನ ಕ್ಲಿಪ್ಪು. ಹಸಿರು ಬಣ್ಣದ್ದು. ಮುರಿದ ಕಡೆ ಕೆಂಪು ದಾರ ಬಿಗಿದಿತ್ತು.

ಕೊಕ್ಕೆಯ ಕೈ ತಾನಾಗಿಯೇ ತನ್ನ ತಲೆಯ ಕಡೆ ಹೋಗಿ ಅರ್ಧದಲ್ಲೇ ನಿಂತಿತು. ಜ್ವರ ಅಂತ ಮಲಗಿಬಿಟ್ಟೆ ಎಂದಿದ್ದಳು ಅಕ್ಕ. ಕೇಳದಿದ್ದರೂ, ಮತ್ತೆ ಮತ್ತೆ ಅದನ್ನೇ ಹೇಳಿದ್ದಳು.

"ಯಾರದ್ದು ಇದು?" ಎಂದರು ಮ್ಯಾನೇಜರು ಕ್ಲಿಪ್ಪನ್ನು ಪೆನ್ನಿನ ತುದಿಯಿಂದ ತಿರುಗಿಸುತ್ತಾ. "ಇಲ್ಲಿ ಹೆಂಗಸರು ಯಾರೂ ಕೆಲಸಕ್ಕಿಲ್ಲವಲ್ಲ. ಗೇಟಿನವನನ್ನ ಕರೆಸ್ಲಾ? ಊಟದ ಹೊತ್ತಲ್ಲಿ ಯಾರ್ಯಾರು ಬಂದಿದ್ರು ಅಂತ ಅವನು..."

"ಬೇಡ ಸರ್," ಎಂದರು ಭಾವ.

ಎಲ್ಲರೂ ಅವರ ಕಡೆ ತಿರುಗಿದರು. ಭಾವ ಕ್ಲಿಪ್ಪನ್ನು ಎತ್ತಿಕೊಂಡು ಜೇಬಿಗೆ ಹಾಕಿಕೊಂಡರು. ಮುಖದಲ್ಲಿದ್ದ ಆಸೆ ಎಲ್ಲಿ ಹೋಯಿತೋ.

"ಇದು ನಂದೇ. ಮನೇಲಿ ಬಿದ್ದಿತ್ತು, ರಟ್ಟಿನ ಬದಲು ಇರಲಿ ಅಂತ ತಂದಿದ್ದೆ. ಮುಚ್ಚಳ ಎತ್ತಿದ್ದು ನಾನೇ."

"ಭಾವ! ಈಗಷ್ಟೇ ಆಣೆ ಹಾಕ್ತೀನಿ ಅಂದ್ರಿ—"

"ಸುಮ್ನಿರು." ಅವರು ಅವಳಿಗೆ ಜೋರು ಮಾಡಿದ್ದು ಅದೇ ಮೊದಲು. "ಬಟನ್ನೂ ಒತ್ತಲಿಲ್ಲ ನಾನು. ಕೈ ಹೋಯ್ತು, ಒತ್ತಲಿಲ್ಲ. ಪೆಟ್ಟಿಗೆ ಹೇಳಿದ್ದೇ ಸರಿ. ಕೊಡಿ ಸರ್ ಆ ಹಾಳೆ."

ಮ್ಯಾನೇಜರು ಈ ಸಲ ನೋಡೋಣ ಎನ್ನಲಿಲ್ಲ. ಹಾಳೆಯನ್ನು ಮುಂದಕ್ಕೆ ತಳ್ಳಿ ಪೆನ್ನಿನ ಟೋಪಿ ತೆಗೆದುಕೊಟ್ಟರು. ಮೇಡಂ ಕಿಟಕಿಯ ಹೊರಗೆ ನೋಡತೊಡಗಿದರು. ಆ ಸಹಿ ಬಿದ್ದರೆ ಪೆಟ್ಟಿಗೆ ಉಳಿಯುತ್ತಿತ್ತು, ಅದನ್ನು ಬರೆದವರು, ಬರೆಸಿದವರು ಇಬ್ಬರೂ ಉಳಿಯುತ್ತಿದ್ದರು.

ಅಕ್ಕನೂ ಉಳಿಯುತ್ತಿದ್ದಳು.

ಭಾವ ಪೆನ್ನನ್ನು ಬಲಗೈಗೆ ತೆಗೆದುಕೊಂಡರು. ಬಟನ್ ಒತ್ತಿದ್ದ ಅದೇ ಕೈ. ಅವರು ಬರೆಯಲು ಬಗ್ಗಿದಾಗ ಕೊಕ್ಕೆ ಬಾಯಿ ತೆರೆದಳು, ಆದರೆ ಹುಟ್ಟಿದಾಗಿನಿಂದ ಎಲ್ಲರ ಮಾತಿಗೂ ಕೊಕ್ಕೆ ಹಾಕಿದವಳ ಬಾಯಿಂದ ಒಂದು ಮಾತೂ ಹೊರಡಲಿಲ್ಲ.